ಅಭಿನಯ, ಆವೇಶ ಮತ್ತು ಚಿತ್ರದ ಗೆಲುವು

ಚಿತ್ರವೊಂದು ಭಾರಿ ಗೆಲುವು ಕಂಡರೆ ಆ ಗೆಲುವಿನ ದೊಡ್ಡ ಪಾಲು ನಟನ ಲೆಕ್ಕಕ್ಕೆ ಜಮೆಯಾಗುತ್ತದೆ. ಮಕಾಡೆ ಮಲಗಿದರೆ ದೂರು ಕೂಡ ಮೊದಲು ಅವನ ಮೇಲೆಯೇ. ಮೆಚ್ಚಿದ ನಟನನ್ನು ಕುರಿತು ವಿಮರ್ಶಕರು ‘ಪರಕಾಯ ಪ್ರವೇಶ ಮಾಡಿದ್ದಾನೆ’, ‘ಪಾತ್ರವೇ ತಾನಾಗಿದ್ದಾನೆ’ ಎಂದು ಬರೆಯುವುದು ರೂಢಿ. ಈ ಮಾತನ್ನು ಅಕ್ಷರಶಃ ನಂಬಿದರೆ ಕೆಲವು ತೊಡಕುಗಳು ಎದುರಾಗುತ್ತವೆ. ಪಾತ್ರದ ದುಃಖ ನಿಜವಾಗಿ ನಟನಿಗೆ ಆಗುತ್ತದೆಯೆ? ಆಗುವುದಿಲ್ಲವೆಂದರೆ ನೋಡುವವನ ಕಣ್ಣಲ್ಲಿ ನೀರು ಬಂದದ್ದು ಎಲ್ಲಿಂದ? ಪಾತ್ರ ದೇವರದ್ದೋ ದೈವದ್ದೋ ಆದಾಗ ತೆರೆಯ ಮೇಲೆ ಕಾಣುವವನು ಯಾರು? ರಸಶಾಸ್ತ್ರ ಇವನ್ನೆಲ್ಲ ಸಾವಿರ ವರ್ಷಗಳ ಹಿಂದೆಯೇ ವಾದಕ್ಕೆ ಎತ್ತಿಕೊಂಡಿತ್ತು. ಸಿನಿಮಾ ಬಂದ ಮೇಲೆ ವಾದ ಮುಗಿಯಲಿಲ್ಲ, ಇನ್ನಷ್ಟು ಜಟಿಲವಾಯಿತು.

ಪ್ರದರ್ಶನದ ಗೆಲುವು ಎಂದರೇನು ಎಂಬುದಕ್ಕೆ ಭರತನ ನಾಟ್ಯಶಾಸ್ತ್ರ 27ನೆಯ ಅಧ್ಯಾಯವನ್ನು ಇಡಿಯಾಗಿ ಮೀಸಲಿಟ್ಟಿದೆ. ಅಲ್ಲಿ ಗೆಲುವಿಗೆ ‘ಸಿದ್ಧಿ’ ಎಂಬ ಹೆಸರು. ಅದು ಮಾನುಷಿ, ದೈವಿಕಿ ಎಂದು ಎರಡು ಬಗೆ. ನೋಡುವವರು ಮುಗುಳ್ನಗುವುದು, ಗಟ್ಟಿಯಾಗಿ ನಗುವುದು, ‘ಭೇಷ್’ ಎನ್ನುವುದು, ‘ಅಯ್ಯೋ’ ಎಂದು ಮರುಗುವುದು, ರೋಮಾಂಚನಗೊಂಡು ಎದ್ದು ನಿಲ್ಲುವುದು, ಮೈಮೇಲಿನ ಬಟ್ಟೆ ಉಂಗುರಗಳನ್ನು ರಂಗದತ್ತ ಎಸೆಯುವುದು ಇವೆಲ್ಲ ಮಾನುಷಿ ಸಿದ್ಧಿಯ ಗುರುತುಗಳು. ದೈವಿಕಿ ಸಿದ್ಧಿಯಲ್ಲಿ ಇದಾವುದೂ ಇಲ್ಲ. ರಂಗಮಂದಿರ ತುಂಬಿರುತ್ತದೆ, ಆದರೆ ಸದ್ದಿಲ್ಲ, ಗೊಂದಲವಿಲ್ಲ, ವಿಘ್ನವಿಲ್ಲ. ಪ್ರದರ್ಶನ ಕೆಡುವ ಬಗೆಗಳನ್ನೂ ಭರತ ಪಟ್ಟಿ ಮಾಡುತ್ತಾನೆ: ಗಾಳಿ, ಬೆಂಕಿ, ಮಳೆಯಿಂದ ಬರುವವು ಕೆಲವು, ನಟನ ತಪ್ಪಿನಿಂದಲೇ ಬರುವವು ಕೆಲವು, ಇನ್ನು ಕೆಲವು ಶತ್ರುಗಳಿಂದ. ಎದುರಾಳಿ ತಂಡದವರು ಸೆಗಣಿ, ಮಣ್ಣುಹೆಂಟೆ, ಇರುವೆಗಳನ್ನು ರಂಗಕ್ಕೆ ಎಸೆಯುವ ಪ್ರಸ್ತಾಪವೂ ಅಲ್ಲಿದೆ. ಬಿಡುಗಡೆಯ ದಿನ ಶಿಳ್ಳೆ ಹೊಡೆದು ಚಿಲ್ಲರೆ ತೂರುವ ಅಭಿಮಾನಿಯನ್ನೂ, ಸಿನಿಮಾ ನೋಡದೆಯೇ ಮೊಬೈಲಿನಲ್ಲಿ ಕೆಸರೆರಚುವ ಎದುರುಬಣದವನನ್ನೂ ಭರತ ಕಂಡಿದ್ದರೆ ಅವನಿಗೆ ಹೊಸದೇನೂ ಅನ್ನಿಸುತ್ತಿರಲಿಲ್ಲ. ಶಿಳ್ಳೆಯನ್ನು ಅವನು ಗೆಲುವೆಂದೇ ಒಪ್ಪುತ್ತಾನೆ, ಆದರೆ ಸದ್ದಡಗಿದ ಗೆಲುವನ್ನು ಅದಕ್ಕಿಂತ ಮೇಲಿಡುತ್ತಾನೆ.

ಆ ಸದ್ದಡಗುವಿಕೆಯ ಹಿಂದಿನ ಅನುಭವವೇ ರಸ. ಅದರ ಸ್ಥಾನ ಯಾವುದು ಎಂಬ ಬಗ್ಗೆಯೇ ಭರತನ ರಸಸೂತ್ರದ ವ್ಯಾಖ್ಯಾನಕಾರರ ಜಗಳ. ಭಟ್ಟಲೊಲ್ಲಟನ ಪ್ರಕಾರ ರಸ ಮುಖ್ಯವಾಗಿ ಇರುವುದು ಮೂಲ ವ್ಯಕ್ತಿಯಲ್ಲಿ, ಎಂದರೆ ರಾಮನಲ್ಲಿ. ನಟನಲ್ಲಿ ಇರುವುದು ಆರೋಪದಿಂದ. ಶ್ರೀಶಂಕುಕ ಇದನ್ನು ಒಪ್ಪಲಿಲ್ಲ. ಗೋಡೆಯ ಮೇಲಿನ ಚಿತ್ರದ ಕುದುರೆಯನ್ನು ನೋಡಿ ಮಗು ‘ಕುದುರೆ’ ಎನ್ನುವಾಗ ಆ ಅರಿವು ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ. ನಟನಲ್ಲಿ ರಾಮನನ್ನು ಕಾಣುವುದೂ ಅದೇ ಜಾತಿಯ ಅರಿವು, ಅಲ್ಲಿಂದ ಪ್ರೇಕ್ಷಕ ಭಾವವನ್ನು ಊಹಿಸಿಕೊಳ್ಳುತ್ತಾನೆ ಎಂದ. ಅಭಿನವಗುಪ್ತನ ಗುರು ಭಟ್ಟತೌತ ಈ ಅನುಕರಣವಾದದ ಬುಡಕ್ಕೇ ಕೊಡಲಿ ಹಾಕಿದ: ರಾಮನನ್ನು ಕಂಡವರೇ ಇಲ್ಲವೆಂದ ಮೇಲೆ ನಟ ಯಾರನ್ನು ಅನುಕರಿಸುತ್ತಾನೆ, ಅದು ಸರಿಯಾದ ಅನುಕರಣವೆಂದು ಹೇಳುವವರಾದರೂ ಯಾರು? ಪ್ರಶ್ನೆ ಇಂದಿಗೂ ಹರಿತವಾಗಿದೆ. ತೆರೆಯ ಮೇಲಿನ ಕೃಷ್ಣನನ್ನು ‘ಥೇಟ್ ಕೃಷ್ಣನ ಹಾಗೇ’ ಎನ್ನುವವರು ಹೋಲಿಸಿ ನೋಡುವುದು ತಮ್ಮ ಮನೆಯ ಗೋಡೆಯ ಕ್ಯಾಲೆಂಡರಿಗೆ, ತೆಲುಗು ತೆರೆಯ ಕೃಷ್ಣ ಎನ್.ಟಿ. ರಾಮರಾವ್ ಅವರ ವಿಷಯದಲ್ಲಿ ಆ ಕ್ಯಾಲೆಂಡರಿನಲ್ಲಿದ್ದದ್ದೂ ಅವರದೇ ಮುಖ.

ಭಟ್ಟನಾಯಕ ಸಾಧಾರಣೀಕರಣವನ್ನು ಮುಂದಿಟ್ಟ. ರಂಗದ ಮೇಲಿನ ಶೋಕ ರಾಮನದ್ದು, ನಟನದ್ದು, ನೋಡುವವನದ್ದು ಎಂಬ ವಿಳಾಸಗಳನ್ನೆಲ್ಲ ಕಳಚಿಕೊಂಡು ಬರಿಯ ಶೋಕವಾಗಿ ಉಳಿಯುತ್ತದೆ. ಆ ಸ್ಥಿತಿಯ ಆಸ್ವಾದ ಬ್ರಹ್ಮಾನುಭವಕ್ಕೆ ಹತ್ತಿರದ್ದು. ಹತ್ತು, ಹನ್ನೊಂದನೆಯ ಶತಮಾನಗಳ ಸಂಧಿಯಲ್ಲಿ ಕಾಶ್ಮೀರದಲ್ಲಿದ್ದ ಅಭಿನವಗುಪ್ತ ತನ್ನ ‘ಅಭಿನವಭಾರತಿ’ಯಲ್ಲಿ ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದ. ರಸ ಸಹೃದಯನದು, ಎಂದರೆ ಮನಸ್ಸಿಟ್ಟು ನೋಡುವವನದು. ಅವನೊಳಗೆ ಮೊದಲೇ ಇರುವ ವಾಸನೆಗಳು, ಎಂದರೆ ಸುಪ್ತ ಸಂಸ್ಕಾರಗಳು, ಅಭಿನಯದಿಂದ ಎಚ್ಚತ್ತು, ಸ್ವಾರ್ಥದ ಸೋಂಕಿಲ್ಲದೆ ತಮ್ಮನ್ನೇ ಸವಿಯುತ್ತವೆ. ನಟನಲ್ಲಿ ರಸವಿಲ್ಲ. ಮದ್ಯದ ಪಾತ್ರೆಗೆ ಮದ್ಯದ ರುಚಿ ಗೊತ್ತಾಗದು ಎಂದು ಅಭಿನವಗುಪ್ತ ಖಡಾಖಂಡಿತವಾಗಿ ಹೇಳುತ್ತಾನೆ. ಕನ್ನಡದಲ್ಲಿ ಈ ಇಡೀ ವಾದಸರಣಿ ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ವಿಸ್ತಾರವಾಗಿ ಬಂದಿದೆ.

ನಟರ ಅಭಿಮಾನಿಗಳಿಗೆ ರುಚಿಸದ ನಿಲುವಿದು. ಆದರೆ ಸಿನಿಮಾದ ಅನುಭವ ಅದಕ್ಕೇ ಸಾಕ್ಷಿ ಹೇಳುತ್ತದೆ. ರಷ್ಯಾದ ಲೆವ್ ಕುಲೆಶೋವ್ 1920ರ ಆಸುಪಾಸಿನಲ್ಲಿ ಮಾಡಿದ ಪ್ರಯೋಗ ಹೆಸರಾಂತದ್ದು. ನಟ ಇವಾನ್ ಮೊಜುಖಿನ್ ಅವರ ಒಂದೇ ಮುಖದ ಒಂದೇ ತುಣುಕನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಇನ್ನೊಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿದಾಗ, ನೋಡಿದವರು ಅದೇ ಮುಖದಲ್ಲಿ ಒಮ್ಮೆ ಹಸಿವನ್ನೂ ಇನ್ನೊಮ್ಮೆ ದುಃಖವನ್ನೂ ಕಂಡರು. ಮುಖ ಬದಲಾಗಿರಲಿಲ್ಲ. ಅಲ್ಲದೆ ಸಿನಿಮಾ ನಟನಿಗೆ ರಂಗನಟನ ಹಾಗೆ ಭಾವವನ್ನು ಮೊದಲಿಂದ ಕೊನೆಯವರೆಗೆ ಒಂದೇ ಹರಿವಿನಲ್ಲಿ ಕಟ್ಟುವ ಅವಕಾಶವಿಲ್ಲ. ಸಾವಿನ ದೃಶ್ಯ ಬೆಳಿಗ್ಗೆ, ಮದುವೆಯ ದೃಶ್ಯ ಮಧ್ಯಾಹ್ನ ಚಿತ್ರೀಕರಣವಾಗಬಹುದು. ಒಂದೇ ಅಳುವನ್ನು ಲೈಟು ಸರಿಯಾಗಲಿಲ್ಲವೆಂದು ಐದು ಸಲ ಅಳಬೇಕಾಗಬಹುದು. ಪಾತ್ರದೊಳಗೆ ಮುಳುಗಿಹೋದವನು ಇಷ್ಟೆಲ್ಲ ಸಲ ಮೇಲೇಳಲಾರ.

ಹಾಗಾದರೆ ನಟನ ಕೆಲಸವೇನು? ಅಭಿನವಗುಪ್ತನ ಉತ್ತರ ನಿಷೇಧದ ದಾರಿಯಲ್ಲಿ ಬರುತ್ತದೆ: ರಸಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ನಿವಾರಿಸುವುದು. ಏಳರಲ್ಲಿ ಎಲ್ಲವೂ ಇಲ್ಲಿ ಬೇಕಿಲ್ಲ. ಮೊದಲನೆಯದು ನಂಬಲಾಗದಿರುವಿಕೆ. ಲೋಕಕ್ಕೆ ಮೀರಿದ ಸಾಹಸಗಳನ್ನು ಯಾರೋ ಹೆಸರಿಲ್ಲದವನು ಮಾಡಿದರೆ ಮನಸ್ಸು ಒಪ್ಪದು. ರಾಮನಂಥ ಪ್ರಸಿದ್ಧ ನಾಯಕ ಮಾಡಿದರೆ ಒಪ್ಪುತ್ತದೆ. ಎರಡನೆಯದು, ಕಾಣುತ್ತಿರುವ ಸುಖದುಃಖವನ್ನು ಈ ಕಾಲದ, ಈ ಊರಿನ, ಈ ವ್ಯಕ್ತಿಯದೆಂದು ಗಂಟುಹಾಕಿಕೊಳ್ಳುವುದು. ಇದರ ನಿವಾರಣೆಗೆಂದೇ ಕಿರೀಟ, ಬಣ್ಣ, ವೇಷಭೂಷಣಗಳಿವೆ. ಅವು ‘ಇವನು ಇಂಥ ನಟ’ ಎಂಬ ಬುದ್ಧಿಯನ್ನು ಮುಚ್ಚುತ್ತವೆ. ಇನ್ನೊಂದು ವಿಘ್ನ ಸ್ಫುಟತೆ ಇಲ್ಲದಿರುವುದು: ಭಾವ ಹೆಸರಿಗೆ ಇರುತ್ತದೆ, ಕಣ್ಣಿಗೆ ಕಟ್ಟುವುದಿಲ್ಲ.

ತಾರಾ ಸಿನಿಮಾ ಈ ಎರಡನೆಯ ನಿಯಮವನ್ನು ತಲೆಕೆಳಗು ಮಾಡಿದೆ. ಅಲ್ಲಿ ನಟಬುದ್ಧಿಯನ್ನು ಮುಚ್ಚುವುದಿಲ್ಲ, ಮೆರೆಸುತ್ತಾರೆ. ನಾಯಕನ ಪ್ರವೇಶಕ್ಕೆ ಮೊದಲು ಕಾಲು, ಆಮೇಲೆ ಬೆನ್ನು, ಕೊನೆಗೆ ಮುಖ ಕಾಣುವಾಗ ಕೂಗುವವರು ಕೂಗುವುದು ಪಾತ್ರದ ಹೆಸರನ್ನಲ್ಲ. ಮೊದಲ ವಾರದ ಗಳಿಕೆ ಬಹುಮಟ್ಟಿಗೆ ಈ ಕೂಗಿನ ಫಲ. ಎರಡನೆಯ ವಾರದಿಂದ ಚಿತ್ರಮಂದಿರ ತುಂಬಿಸುವುದು ಬಾಯಿಮಾತು. ಅದು ಹುಟ್ಟುವುದು ಕೂಗು ನಿಂತ ಮೇಲೆ ತೆರೆಯ ಮೇಲೆ ಏನಾಯಿತು ಎಂಬುದರಿಂದ. ತಾರೆಯ ಹೆಸರು ಜನರನ್ನು ಒಳಗೆ ಕರೆತಂದರೂ ಕೂರಿಸಿಡಲು ಅಭಿನಯವೇ ಬೇಕು, ಮತ್ತು ಆ ಅಭಿನಯಕ್ಕೆ ಎದುರಾಗುವ ಮೊದಲ ಅಡ್ಡಿ ಅದೇ ಹೆಸರು.

2023ರ ಜೂನ್ 16ರಂದು ತೆರೆಕಂಡ ‘ಆದಿಪುರುಷ್’ ಇದಕ್ಕೆ ಪಾಠದಂತಿದೆ. ಕಥೆ ರಾಮಾಯಣ, ನಾಯಕ ಪ್ರಭಾಸ್, ಖರ್ಚು ದೇಶದ ದುಬಾರಿ ಚಿತ್ರಗಳ ಸಾಲಿಗೆ ಸೇರುವಷ್ಟು. ಅಭಿನವಗುಪ್ತನ ಮೊದಲ ವಿಘ್ನ ಬರಲೇಬಾರದಾಗಿದ್ದ ಸಂದರ್ಭ, ಏಕೆಂದರೆ ಕಥಾನಾಯಕನಿಗಿಂತ ಪ್ರಖ್ಯಾತರು ಇಲ್ಲ. ಆರಂಭದ ದಿನಗಳಲ್ಲಿ ಮಂದಿರಗಳು ತುಂಬಿದವು, ಬೇಗನೆ ಖಾಲಿಯಾದವು. ಗ್ರಾಫಿಕ್ಸ್ ಟೀಕೆಗೆ ಗುರಿಯಾಯಿತು. ರಾವಣನ ಚಹರೆ ಟೀಸರಿನ ಹೊತ್ತಿಗೇ ವಿವಾದವಾಗಿತ್ತು. ಹನುಮಂತನ ಬಾಯಲ್ಲಿಟ್ಟ ಬೀದಿಮಾತಿನ ಸಂಭಾಷಣೆಗಳನ್ನು ಬಿಡುಗಡೆಯಾದ ಮೇಲೆ ತಿದ್ದಬೇಕಾಯಿತು. ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ವೇಷಭೂಷಣದ ಆಹಾರ್ಯವೂ ಮಾತಿನ ವಾಚಿಕವೂ ಕೈಕೊಟ್ಟಿದ್ದವು, ಭಾವದ ಸಾತ್ತ್ವಿಕಕ್ಕೆ ನಿಲ್ಲಲು ನೆಲವೇ ಉಳಿದಿರಲಿಲ್ಲ. ಸೋಲನ್ನೆಲ್ಲ ನಟರ ತಲೆಗೆ ಕಟ್ಟುವುದು ಅನ್ಯಾಯ. ಆದರೂ ಭಕ್ತಿ ತುಂಬಿದ ಪ್ರೇಕ್ಷಕ, ಕೈಮುಗಿಯಲೆಂದೇ ಬಂದವನು, ಕೈಮುಗಿಯದೆ ಹೊರನಡೆದದ್ದು ಗಮನಿಸಬೇಕಾದ ಸಂಗತಿ. ದೇವರ ಹೆಸರು ನಂಬಿಕೆಯನ್ನು ತರಬಹುದು, ರಸವನ್ನು ತರಲಾರದು.

ತಾರೆಯ ಗುರುತು ಯಾವಾಗಲೂ ವಿಘ್ನವೇ ಎನ್ನುವಂತಿಲ್ಲ. ಹುಣಸೂರು ಕೃಷ್ಣಮೂರ್ತಿ ನಿರ್ದೇಶನದ ‘ಬಬ್ರುವಾಹನ’ದಲ್ಲಿ (1977) ರಾಜ್‌ಕುಮಾರ್ ಅರ್ಜುನನೂ ಹೌದು, ಬಬ್ರುವಾಹನನೂ ಹೌದು. ತಂದೆ ಮಗ ಎದುರುಬದುರು ನಿಂತು ವಾದಕ್ಕಿಳಿದಾಗ ಎರಡೂ ಮುಖ ಒಂದೇ ಎಂಬುದು ಯಾರಿಗೂ ತಿಳಿಯದ ಗುಟ್ಟಲ್ಲ. ಆದರೂ ಒಬ್ಬನಲ್ಲಿ ಹಮ್ಮು, ಇನ್ನೊಬ್ಬನಲ್ಲಿ ತಾಯಿಗಾದ ಅವಮಾನದ ಉರಿ ಬೇರೆಬೇರೆಯಾಗಿ ನಿಲ್ಲುತ್ತವೆ. ಶಂಕುಕನ ಚಿತ್ರದ ಕುದುರೆ ಇಲ್ಲಿ ಎರಡು ಕುದುರೆಯಾಗಿದೆ. 1983ರ ‘ಭಕ್ತ ಪ್ರಹ್ಲಾದ’ದ ಪ್ರಸಂಗ ಇನ್ನೂ ಸೂಕ್ಷ್ಮವಾದದ್ದು. ಕಣ್ಣಪ್ಪ, ಕನಕದಾಸ, ತುಕಾರಾಂ, ರಾಘವೇಂದ್ರ ಸ್ವಾಮಿಗಳಾಗಿ ಕನ್ನಡಿಗರ ಮನಸ್ಸಿನಲ್ಲಿ ಭಕ್ತಿಯ ಮೂರ್ತಿಯಾಗಿದ್ದ ನಟ ಅಲ್ಲಿ ಹರಿದ್ವೇಷಿ ಹಿರಣ್ಯಕಶಿಪು. ಪ್ರಹ್ಲಾದನಾಗಿದ್ದವನು ಅವರದೇ ಮಗ, ಆಗ ಲೋಹಿತ್ ಎನ್ನಿಸಿಕೊಂಡಿದ್ದ ಪುನೀತ್. ಮಗನನ್ನು ಕೊಲ್ಲಿಸಲು ಹೊರಟ ತಂದೆಯನ್ನು ನೋಡುತ್ತಿದ್ದವರಿಗೆ ಇವರು ನಿಜವಾಗಿಯೂ ತಂದೆ ಮಗ ಎಂಬುದು ಗೊತ್ತಿತ್ತು. ಆ ಅರಿವು ರಸವನ್ನು ಕೆಡಿಸಲಿಲ್ಲ, ಕರುಣವನ್ನು ಇಮ್ಮಡಿಸಿತು. ಅಭಿನವಗುಪ್ತ ಊಹಿಸಿರದ ಸಂದರ್ಭ ಇದು. ಅವನ ಸಿದ್ಧಾಂತಕ್ಕೆ ಇಲ್ಲೊಂದು ತಿದ್ದುಪಡಿ ಬೇಕೆಂದು ತೋರುತ್ತದೆ.

ನಟನಿಗೂ ಅವನು ತೊಟ್ಟ ದೈವಕ್ಕೂ ಇರುವ ಸಂಬಂಧದ ಪ್ರಶ್ನೆ ಅತ್ಯಂತ ತೀವ್ರವಾಗಿ ಎದ್ದದ್ದು 2022ರ ಸೆಪ್ಟೆಂಬರ್ 30ರಂದು ಬಿಡುಗಡೆಯಾದ ‘ಕಾಂತಾರ’ದಿಂದ. ಚಿತ್ರದ ಬೇರು ತುಳುನಾಡಿನ ಭೂತಾರಾಧನೆಯಲ್ಲಿದೆ. ಆ ಆರಾಧನೆಯ ವಿಧಿಯಾದ ಕೋಲದಲ್ಲಿ ದೈವಕ್ಕೆ ಮೈಯೊಡ್ಡುವವರು ನಲಿಕೆ, ಪಂಬದ, ಪರವ ಸಮುದಾಯದವರು. ಎಣ್ಣೆ ಬೂಳ್ಯ, ಎಂದರೆ ಎಣ್ಣೆ ವೀಳ್ಯ, ಸ್ವೀಕರಿಸಿ, ಮಿಂದು ಬಂದು, ಮುಖಕ್ಕೆ ಅರದಾಳದ ಹಳದಿ ಬಳಿದುಕೊಳ್ಳುವಾಗ ಆ ದೈವದ ಹುಟ್ಟು, ಪಯಣಗಳ ಪಾಡ್ದನ ನಡೆಯುತ್ತಿರುತ್ತದೆ. ಕಾಲಿಗೆ ಗಗ್ಗರ, ಸೊಂಟಕ್ಕೆ ತೆಂಗಿನ ಎಳೆಗರಿಯ ಸಿರಿ, ಬೆನ್ನಿಗೆ ಅಣಿ ಏರಿದ ಮೇಲೆ ದರ್ಶನ ಬರುತ್ತದೆ. ಆಮೇಲೆ ಅವನಾಡುವುದು ದೈವದ ನುಡಿ. ಊರಿನ ಗುತ್ತಿನ ಯಜಮಾನನೂ ಅದಕ್ಕೆ ತಲೆಬಾಗಬೇಕು. ಇದನ್ನು ಅಭಿನಯ ಎಂದರೆ ಭಕ್ತರು ಒಪ್ಪುವುದಿಲ್ಲ. ಆದರೆ ಇಲ್ಲಿಯೂ ಹೆಜ್ಜೆ ಇದೆ, ತಾಳ ಇದೆ, ತಲೆಮಾರುಗಳಿಂದ ಕಲಿತ ಕ್ರಮ ಇದೆ. ಆವೇಶವೆಂದರೆ ಮನಬಂದಂತೆ ಕುಣಿಯುವುದಲ್ಲ, ಪಂಜುರ್ಲಿ ಎಂಬ ದೈವದ ನಡೆ ಪಂಜುರ್ಲಿಯದೇ ಆಗಿರಬೇಕು.

ಚಿತ್ರದ ನಾಯಕ ರಿಷಬ್ ಶೆಟ್ಟಿ ಅವರು ಈ ಕ್ರಮದ ಹೊರಗಿನ ನಟ. ಕ್ಯಾಮೆರಾದ ಮುಂದೆ, ತಮ್ಮ ಹುಟ್ಟೂರಾದ ಕುಂದಾಪುರ ಕಡೆಯ ಕೆರಾಡಿಯಲ್ಲಿ ಹಾಕಿದ ಸೆಟ್ಟಿನಲ್ಲಿ, ಕೋಲವನ್ನು ಅಭಿನಯಿಸಿದವರು. ದೈವದ ದೃಶ್ಯಗಳ ಹೊತ್ತಿಗೆ ಮಾಂಸಾಹಾರ ಬಿಟ್ಟಿದ್ದಾಗಿ ಹೇಳಿಕೊಂಡಿದ್ದಾರೆ. ಕಥೆಯಲ್ಲಿ ಅವರ ಪಾತ್ರವಾದ ಶಿವ ಕೋಲ ಕಟ್ಟುವುದನ್ನು ಜೀವಮಾನವಿಡೀ ತಪ್ಪಿಸಿಕೊಂಡು ಬಂದವನು. ಕುಡಿತ, ಬೇಟೆ, ಕಂಬಳ ಇಷ್ಟೇ ಅವನ ಲೋಕ. ಕೊನೆಯ ಕಾಳಗದಲ್ಲಿ ಪೆಟ್ಟು ತಿಂದು ಬಿದ್ದವನ ಮೈಮೇಲೆ ಗುಳಿಗನೆಂಬ ದೈವ ಬರುತ್ತದೆ. ಆಮೇಲೆ ಕೋಲ. ಈ ಭಾಗ ನಿಂತಿರುವುದು ಬಹುಪಾಲು ಮಾತಿಲ್ಲದೆ. ಕಣ್ಣುಗುಡ್ಡೆಗಳ ಹೊರಳಾಟ, ಉಸಿರಿನ ಏರಿಳಿತ, ಗಂಟಲು ಹರಿದು ಬರುವ ‘ಓ’ ಎಂಬ ಕೂಗು, ನಂತರ ಒಮ್ಮೆಲೇ ಇಳಿದ ಮೈ. ಅರಣ್ಯಾಧಿಕಾರಿಯ ಕೈಯನ್ನೂ ಊರವರ ಕೈಗಳನ್ನೂ ಸೇರಿಸಿ ಎದೆಗೊತ್ತಿಕೊಳ್ಳುವಾಗ ದೈವ ಒಂದು ತೀರ್ಪನ್ನೂ ಮಾತಿನಲ್ಲಿ ಕೊಡುವುದಿಲ್ಲ. ಅದುವರೆಗೆ ಚಿತ್ರ ಸಾಕಷ್ಟು ಹಳೆಯ ಜಾಡಿನಲ್ಲೇ ಸಾಗಿತ್ತೆಂದು ಹೇಳುವುದರಲ್ಲಿ ತಪ್ಪಿಲ್ಲ: ಕೆಟ್ಟ ಧಣಿ, ಒರಟು ನಾಯಕ, ತಮಾಷೆಯ ಗೆಳೆಯರು. ಕೊನೆಯ ಕೋಲ ಸಡಿಲವಾಗಿದ್ದರೆ ಅದು ಕರಾವಳಿಯಲ್ಲಿ ಒಂದಷ್ಟು ದಿನ ಓಡಿ ಮರೆಯಾಗುವ ಸಾಧ್ಯತೆಯೇ ಹೆಚ್ಚಿತ್ತು. ಆ ಅಭಿನಯಕ್ಕೆ 70ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ನಟ ಗೌರವವೂ ಸಂದಿತು.

ಗೆಲುವಿಗೆ ಕಾರಣ ಭಕ್ತಿ ಎಂದು ಹೇಳಿಬಿಡುವುದು ಸುಲಭ. ಆದರೆ ಮೊದಲು ಕನ್ನಡದಲ್ಲಷ್ಟೇ ಬಂದ ಚಿತ್ರ ಎರಡು ವಾರದ ಬಳಿಕ ಹಿಂದಿಗೂ ತೆಲುಗಿಗೂ ಡಬ್ ಆಗಿ ಹೋದಾಗ ನೋಡಿದವರಲ್ಲಿ ಹೆಚ್ಚಿನವರು ಪಂಜುರ್ಲಿಯ ಹೆಸರನ್ನೇ ಕೇಳಿರಲಿಲ್ಲ. ಲಖನೌದ ಪ್ರೇಕ್ಷಕನಿಗೆ ಗುಳಿಗ ಕುಲದೈವವಲ್ಲ, ಹರಕೆ ಹೊತ್ತ ನೆನಪಿಲ್ಲ, ಪಾಡ್ದನದ ತುಳು ಅರ್ಥವಾಗದು. ಅವನ ಮೈ ಜುಮ್ಮೆಂದದ್ದನ್ನು ನಂಬಿಕೆಯಿಂದ ವಿವರಿಸಲಾಗುವುದಿಲ್ಲ, ಸಾಧಾರಣೀಕರಣದಿಂದ ವಿವರಿಸಬಹುದು. ಭಯ, ಅದ್ಭುತ, ಕೊನೆಗೊಂದು ನೆಮ್ಮದಿ, ಇವು ಊರು ಹೆಸರುಗಳ ಹಂಗು ಕಳಚಿ ಅವನನ್ನು ತಲುಪಿದವು. ತುಳುನಾಡಿನ ಪ್ರೇಕ್ಷಕನಿಗಾದರೋ ಎರಡು ಅನುಭವ ಒಟ್ಟಿಗೇ ಆಯಿತು: ರಸವೂ ಹೌದು, ದೈವದರ್ಶನವೂ ಹೌದು. ಅವನು ಕುರ್ಚಿಯಲ್ಲಿ ಕೂತೇ ಕೈಮುಗಿದ.

ನಟ ಆ ಗಳಿಗೆಯಲ್ಲಿ ಒಳಗೆ ಏನಾಗಿದ್ದ ಎಂಬ ಕುತೂಹಲಕ್ಕೆ ಬೇರೆ ದೇಶಗಳಲ್ಲೂ ಉತ್ತರ ಹುಡುಕಿದ್ದಾರೆ. ಪ್ಲೇಟೋನ ‘ಅಯಾನ್’ ಸಂವಾದದಲ್ಲಿ ಹೋಮರನ ಕಾವ್ಯ ಹಾಡಿ ಬದುಕುವ ಅಯಾನನನ್ನು ಸಾಕ್ರಟೀಸ್, ನಿನ್ನ ಮೇಲೆ ದೇವತೆಯ ಆವೇಶವಿದೆ, ನಿನಗೆ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ಕೆಣಕುತ್ತಾನೆ. ಅಯಾನ್ ತಾನು ಅಳುವುದನ್ನು ಒಪ್ಪುತ್ತಾನೆ. ಆದರೆ ಕೇಳುವವರು ಅಳುತ್ತಿದ್ದಾರೋ ಇಲ್ಲವೋ ಎಂದು ಮೇಲಿಂದ ಗಮನಿಸುತ್ತಲೂ ಇರುತ್ತಾನೆ, ಏಕೆಂದರೆ ಅವರು ಅತ್ತರೆ ಮಾತ್ರ ತನಗೆ ಸಂಭಾವನೆಯ ನಗು. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಚಿಂತಕ ದಿದೆರೋ ಇನ್ನೂ ಕಠಿಣನಾದ: ದೊಡ್ಡ ನಟ ಏನನ್ನೂ ಅನುಭವಿಸುವುದಿಲ್ಲ, ಅನುಭವಿಸಿದರೆ ಮರುದಿನ ಅದೇ ಮಟ್ಟದಲ್ಲಿ ಅಭಿನಯಿಸಲಾರ. ಭರತ ನಡುವೆ ನಿಲ್ಲುತ್ತಾನೆ. ದುಃಖವಿಲ್ಲದವನು ಕಣ್ಣೀರನ್ನು ಹೇಗೆ ತಂದಾನು ಎಂಬ ಪ್ರಶ್ನೆಯನ್ನು ತಾನೇ ಎತ್ತಿ, ಏಕಾಗ್ರ ಮನಸ್ಸಿನಿಂದ ಹುಟ್ಟುವ ಸತ್ತ್ವ ಎಂಬ ಶಕ್ತಿಯಿಂದ ಎನ್ನುತ್ತಾನೆ. ಬೆವರು, ನಡುಕ, ಸ್ವರಭಂಗ, ಕಂಬನಿ ಬರಿಯ ಕಸರತ್ತಿನಿಂದ ಬರುವವಲ್ಲ, ನಿಜದುಃಖದಿಂದಲೂ ಬರಬೇಕಾಗಿಲ್ಲ.

ಏಕಾಗ್ರತೆಯ ಜೊತೆಗೇ ಉಳಿಯುವ ಆ ಗಮನಿಸುವವನು ಯಾರು ಎಂಬುದು ವೇದಾಂತದ ಪ್ರಶ್ನೆ. ಶೃಂಗೇರಿಯ ವಿದ್ಯಾರಣ್ಯರ ‘ಪಂಚದಶಿ’ಯ ಹತ್ತನೆಯ ಪ್ರಕರಣದ ಹೆಸರೇ ನಾಟಕದೀಪ. ಸಭಾಪತಿ, ಸಭಿಕರು, ನರ್ತಕಿ ಎಲ್ಲರನ್ನೂ ಒಂದೇ ಸಮನೆ ಬೆಳಗುವ ರಂಗದ ದೀಪ ಅವರೆಲ್ಲ ಎದ್ದು ಹೋದ ಮೇಲೂ ಉರಿಯುತ್ತಿರುತ್ತದೆ. ಅಹಂಕಾರ, ಬುದ್ಧಿ, ವಿಷಯಗಳ ನಡುವೆ ಸಾಕ್ಷಿಚೈತನ್ಯ ಹಾಗಿದೆ ಎಂಬುದು ಅಲ್ಲಿನ ವಾದ. ಕಾಶ್ಮೀರದ ಶಿವಸೂತ್ರಗಳು ಆತ್ಮವನ್ನೇ ನಟನೆಂದು ಕರೆದು ಇಂದ್ರಿಯಗಳನ್ನು ಪ್ರೇಕ್ಷಕರ ಜಾಗದಲ್ಲಿ ಕೂರಿಸುತ್ತವೆ. ಎರಡೂ ದರ್ಶನಗಳಿಗೆ ಒಳ್ಳೆಯ ನಟ ಅಪವಾದವಲ್ಲ, ಉದಾಹರಣೆ. ಪಾತ್ರದಲ್ಲಿದ್ದೂ ಪಾತ್ರವಲ್ಲದ ಅರಿವು ಅವನಲ್ಲಿ ಇರಲೇಬೇಕು; ಇಲ್ಲದಿದ್ದರೆ ನೆಲದ ಮೇಲೆ ಗೀಚಿದ ಗುರುತಿನಲ್ಲಿ ನಿಲ್ಲಲೂ ಅವನಿಂದಾಗದು, ಫೋಕಸ್ ತಪ್ಪಿಹೋಗುತ್ತದೆ.

ಭಕ್ತಿಪಂಥ ಈ ತಟಸ್ಥತೆಯನ್ನು ಒಪ್ಪಲಿಲ್ಲ. ಹದಿನಾರನೆಯ ಶತಮಾನದಲ್ಲಿ ವೃಂದಾವನದ ರೂಪಗೋಸ್ವಾಮಿ ಭಕ್ತಿಯನ್ನೇ ರಸವೆಂದು ಸಾರಿ, ಅದರ ನೆಲೆಯನ್ನು ಕೃಷ್ಣನ ಲೀಲೆಯೊಳಗೆ ತಾನೂ ಒಬ್ಬನಾಗುವ ಭಕ್ತನಲ್ಲಿ ಇಟ್ಟ. ಅಲ್ಲಿನ ರಾಸಲೀಲೆಯಲ್ಲೂ ಕಾಶಿಯ ಬಳಿಯ ರಾಮನಗರದ ರಾಮಲೀಲೆಯಲ್ಲೂ ದೇವರ ಪಾತ್ರ ಮಾಡುವ ಹುಡುಗರನ್ನು ‘ಸ್ವರೂಪ’ ಎನ್ನುತ್ತಾರೆ. ಕಿರೀಟ ತಲೆಗೇರಿದ ಮೇಲೆ ಅವರು ಪೂಜೆಗೆ ಅರ್ಹರು, ದೊಡ್ಡವರೂ ಕಾಲಿಗೆ ಬೀಳುತ್ತಾರೆ. ಕಿರೀಟ ಇಳಿದರೆ ಮತ್ತೆ ಶಾಲೆಗೆ ಹೋಗುವ ಹುಡುಗರು. ಕೋಲದಲ್ಲೂ ಹಾಗೆಯೇ: ಅಣಿ, ಗಗ್ಗರ ಬಿಚ್ಚಿದ ಮೇಲೆ ದೈವ ಹೋಯಿತು, ಉಳಿದವನು ಬಡವ. ಅವನ ಮುಂದೆ ರಾತ್ರಿ ಕೈಕಟ್ಟಿ ನಿಂತ ಯಜಮಾನ ಹಗಲು ಅವನನ್ನು ಅಂಗಳದಾಚೆಯೇ ನಿಲ್ಲಿಸುತ್ತಿದ್ದ ಕಾಲ ತೀರ ಹಳೆಯದಲ್ಲ. ‘ಕಾಂತಾರ’ದ ಗೆಲುವಿನ ಬೆನ್ನಲ್ಲೇ, 2022ರ ಅಕ್ಟೋಬರಿನಲ್ಲಿ, ಅರವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನವನ್ನು ರಾಜ್ಯ ಸರ್ಕಾರ ಘೋಷಿಸಿತು.

ಸಿನಿಮಾದಲ್ಲಿ ಕಿರೀಟ ಇಳಿಸುವ ವಿಧಿಯೇ ಇಲ್ಲ. 1987ರಲ್ಲಿ ಶುರುವಾದ ದೂರದರ್ಶನದ ‘ರಾಮಾಯಣ’ದ ಕಾಲದಲ್ಲಿ ಜನ ಟಿವಿಗೆ ಹೂಮಾಲೆ ಹಾಕಿದರು, ಅರುಣ್ ಗೋವಿಲ್ ಎದುರಾದಲ್ಲಿ ಕಾಲಿಗೆ ಬಿದ್ದರು, ಆ ರಾಮ ಅವರನ್ನು ದಶಕಗಳಾದರೂ ಬಿಡಲಿಲ್ಲ. ಎನ್.ಟಿ. ರಾಮರಾವ್ ತೆರೆಯ ಮೇಲಿನ ಆ ದೈವತ್ವವನ್ನು ಹೊತ್ತುಕೊಂಡೇ 1983ರಲ್ಲಿ ಮುಖ್ಯಮಂತ್ರಿಯಾದರು. ರಾಜ್‌ಕುಮಾರ್ ಹಿಡಿದ ದಾರಿ ಬೇರೆ. ತಮಗೆ ಬಂದ ಪೂಜೆಯನ್ನು ಅವರು ‘ಅಭಿಮಾನಿ ದೇವರುಗಳು’ ಎಂದು ನೋಡುವವರಿಗೇ ಹಿಂತಿರುಗಿಸುತ್ತಿದ್ದರು. ವಿನಯದ ಮಾತೆಂದು ಅದನ್ನು ಎಲ್ಲರೂ ಕೇಳಿದ್ದಾರೆ, ಆದರೆ ಅಭಿನವಗುಪ್ತನ ಶಾಸ್ತ್ರಕ್ಕೆ ಅದು ಬಹಳ ಹತ್ತಿರದ ಮಾತು.

‘ಕಾಂತಾರ’ ನೋಡಿದವರಲ್ಲಿ ಕೆಲವರು ಚಿತ್ರಮಂದಿರದಲ್ಲೂ ಬೀದಿಯಲ್ಲೂ ಆ ‘ಓ’ ಕೂಗನ್ನು ಕೂಗತೊಡಗಿದಾಗ ಹಾಗೆ ಮಾಡಬೇಡಿರೆಂದು ರಿಷಬ್ ಶೆಟ್ಟಿ ಕೇಳಿಕೊಂಡರು. 2025ರ ಅಕ್ಟೋಬರ್ 2ರಂದು ‘ಕಾಂತಾರ ಚಾಪ್ಟರ್ 1’ ಬಂದ ಮೇಲೆ ದೈವದ ವೇಷ ತೊಟ್ಟೇ ಚಿತ್ರಮಂದಿರಕ್ಕೆ ಬಂದವರಿದ್ದರು. ತುಳುನಾಡಿನ ದೈವಾರಾಧಕರು ಸಿಟ್ಟಾದರು, ನಿರ್ಮಾಣ ಸಂಸ್ಥೆ ದೈವದ ಅನುಕರಣೆ ಬೇಡವೆಂದು ಪ್ರಕಟಣೆ ಹೊರಡಿಸಿತು. ಆರಾಧಕರ ಆಕ್ಷೇಪದಲ್ಲಿ ತರ್ಕವಿದೆ: ವ್ರತವಿಲ್ಲದೆ, ಎಣ್ಣೆ ಬೂಳ್ಯವಿಲ್ಲದೆ, ಕುಲದ ಹಕ್ಕಿಲ್ಲದೆ ಮೈಮೇಲೆ ಬರುವುದು ದೈವವಲ್ಲ. ಅದೇ ಆಕ್ಷೇಪ ನಟನಿಗೂ ಅನ್ವಯಿಸುವುದಿಲ್ಲವೆ ಎಂದು ಕೇಳುವವರೂ ಕರಾವಳಿಯಲ್ಲಿ ಇದ್ದಾರೆ. ರಸಶಾಸ್ತ್ರದ ನಿಲುವಿನಲ್ಲಿ ಅನ್ವಯಿಸದು, ಏಕೆಂದರೆ ನಟ ದೈವವನ್ನು ಕರೆದಿಲ್ಲ, ನೋಡುವವನೊಳಗಿನ ಅದ್ಭುತವನ್ನು ಎಬ್ಬಿಸಿದ್ದಾನೆ ಅಷ್ಟೆ. ಕೋಲದ ಕಳದಲ್ಲಿ ನಿಂತವರಿಗೆ ಈ ಸಮಾಧಾನ ಸಾಲುವುದಿಲ್ಲ. ತಮ್ಮ ಗುಳಿಗನನ್ನು ಬರಿಯ ಅದ್ಭುತರಸವೆಂದು ಒಪ್ಪಿಕೊಳ್ಳಲು ಅವರು ತಯಾರಿಲ್ಲ.